ಎಫ್-100 ಪಿಕಪ್: ಬಿಚ್ಚಿಟ್ಟ ಮುಂಭಾಗ ಮತ್ತೆ ಕೂರಿಸುವ ಬಗೆ

ಫೋರ್ಡ್ ಎಫ್-100 ಪಿಕಪ್‌ಗೆ 1965ರಲ್ಲಿ ‘ಟ್ವಿನ್ ಐ-ಬೀಮ್’ ಸಸ್ಪೆನ್ಷನ್ ಬಂತು. ಮುಂದಿನ ಒಂದೊಂದು ಚಕ್ರಕ್ಕೂ ಒಂದೊಂದು ಬೀಮ್, ಅಂದರೆ ಉಕ್ಕಿನ ತೊಲೆ. ಎಡಚಕ್ರದ ಬೀಮ್ ಚಾಸಿಯ ಬಲಗಡೆ ತೂಗುತ್ತದೆ, ಬಲಚಕ್ರದ್ದು ಎಡಗಡೆ. ಇಲ್ಲಿ ಹೇಳುತ್ತಿರುವುದು ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವುದರ ಸುತ್ತ ತಿರುಗುತ್ತದೋ ಆ ನಿಂತ ಗೂಟ) ಇರುವ, ಟು-ವೀಲ್-ಡ್ರೈವ್ ಗಾಡಿಗಳ ಕೆಲಸ.

ಗಾಡಿಯ ಚಾಸಿ ಗಟ್ಟಿ ಸ್ಟ್ಯಾಂಡ್‌ಗಳ ಮೇಲಿರಲಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ.

ಕಿಂಗ್‌ಪಿನ್‌ನಿಂದಲೇ ಶುರು ಮಾಡಿ, ಅವಸರ ಬೇಡ. ಸ್ಟಬ್ ಆಕ್ಸಲ್‌ಗೆ (ಚಕ್ರ ಕೂರುವ ಗಿಡ್ಡ ಆಕ್ಸಲ್) ಹೊಸ ಬುಷ್ (ಪಿನ್ ತಿರುಗುವ ಕೊಳವೆ) ಒತ್ತುವಾಗ ಬುಷ್‌ನ ತೂತು ಗ್ರೀಸ್ ನಿಪ್ಪಲ್‌ನ ತೂತಿಗೆ ಸರಿಯಾಗಿ ಎದುರಾಗಬೇಕು. ಚೂರು ತಿರುಗಿ ಕೂತರೂ ಗ್ರೀಸ್ ಒಳಗೆ ಹೋಗದು, ಹೊಸ ಪಿನ್ ಒಣಗಿಯೇ ಸವೆಯುತ್ತದೆ. ಒತ್ತಿದ ಮೇಲೆ ಸಣ್ಣ ತಂತಿ ತೂರಿಸಿ ನೋಡಿಬಿಡಿ. ಬುಷ್ ಬಿಗಿಯಾಗಿಯೇ ಬರುತ್ತದೆ. ಲೇತ್ ಅಂಗಡಿಯಲ್ಲಿ ಮೇಲಿನದು, ಕೆಳಗಿನದು ಎರಡನ್ನೂ ಒಂದೇ ನೇರಕ್ಕೆ ರೀಮ್ ಮಾಡಿಸಿ, ಅಂದರೆ ಒಳತೂತನ್ನು ಅಳತೆಗೆ ಕೆರೆಸಿ. ಎಣ್ಣೆ ಸವರಿದ ಪಿನ್ ಕೈಯ ಒತ್ತಡಕ್ಕೆ ಜಾರಿದರೆ ಸರಿ. ಸುತ್ತಿಗೆ ಬೇಕಾದರೆ ಇನ್ನೂ ಬಿಗಿ, ತಾನೇ ಬಿದ್ದರೆ ರೀಮ್ ಹೆಚ್ಚಾಯಿತು.

ಗಾಡಿಯ ಭಾರ ಹೊರುವ ಥ್ರಸ್ಟ್ ಬೇರಿಂಗ್ ಬೀಮ್‌ನ ಕೆಳಗೆ, ಅದರ ಅಂಚು ಕೆಳಮುಖವಾಗಿ. ತಲೆಕೆಳಗಾದರೆ ನೀರು, ಕೆಸರು ಒಳಗೇ ನಿಲ್ಲುತ್ತದೆ. ಬೀಮ್‌ನ ಮೇಲ್ಗಡೆ ಸಂದು ಉಳಿದರೆ ಶಿಮ್ (ತೆಳು ಬಿಲ್ಲೆ) ಹಾಕಿ. ಪಿನ್‌ನ ಕಚ್ಚು ಲಾಕ್ ಪಿನ್‌ನ ತೂತಿಗೆ ಬಂದ ಮೇಲಷ್ಟೇ ಲಾಕ್ ಪಿನ್ ಬಡಿಯಿರಿ.

ಬೀಮ್‌ನ ಒಳತುದಿಯ ಬೋಲ್ಟ್ ತೂರಿಸಿ, ನಟ್ ಕೈಯಲ್ಲಿ ತಿರುಗಿಸಿ ಬಿಡಿ. ಬೀಮನ್ನು ಹಿಂದೆ ಚಾಸಿಗೆ ಹಿಡಿದಿಡುವ ರೇಡಿಯಸ್ ಆರ್ಮ್‌ನ ಹಿಂದಿನ ತುದಿಗೆ ಬ್ರಾಕೆಟ್‌ನ ಮುಂದೊಂದು, ಹಿಂದೊಂದು ರಬ್ಬರ್. ವಾಷರ್‌ಗಳು ಬಿಚ್ಚಿದ ಕ್ರಮದಲ್ಲೇ ಬರಲಿ.

ಈ ಗಾಡಿಯಲ್ಲಿ ಸ್ಪ್ರಿಂಗ್ ಕೆಲಸ ಸುಲಭ. ಶಾಕ್ ಅಬ್ಸಾರ್ಬರ್ ಕಳಚಿದ್ದರೆ ಬೀಮ್ ಸಾಕಷ್ಟು ಕೆಳಗಿಳಿಯುತ್ತದೆ. ಸ್ಪ್ರಿಂಗ್‌ನ ತುದಿಯನ್ನು ಅದು ಕೂರುವ ಸೀಟಿನ (ತಟ್ಟೆಯ) ಮೆಟ್ಟಿಲಿಗೆ ತಾಗಿಸಿ ಕೂರಿಸಿ, ಕೆಳಗಿನ ಕ್ಲಿಪ್‌ನ ನಟ್ಟನ್ನು ಮೇಲಿನ ತೂತಿನಿಂದ ಉದ್ದ ಎಕ್ಸ್‌ಟೆನ್ಷನ್ ಇಳಿಸಿ ಬಿಗಿ ಮಾಡಿ. ಬ್ರೇಕ್ ಜೋಡಣೆ ಅಷ್ಟು ಹೊತ್ತು ತಂತಿಯಲ್ಲಿ ನೇತಾಡಲಿ, ಹೋಸ್‌ನಲ್ಲಿ ಅಲ್ಲ.

ಶಾಕ್, ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಕಡ್ಡಿ) ಹಾಕಿ. ಟೈ ರಾಡ್ ನಟ್ಟಿನ ಸ್ಪ್ಲಿಟ್ ಪಿನ್ ತೂತು ಸೇರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿಯೇ ಸೇರಿಸಿ, ಸಡಿಲಿಸಿ ಅಲ್ಲ. ಚಕ್ರ ಮೇಲಿರುವಾಗಲೇ ಕಿಂಗ್‌ಪಿನ್‌ಗೆ ಗ್ರೀಸ್ ಹೊಡೆಯಿರಿ. ಭಾರ ಬಿದ್ದ ಮೇಲೆ ಒತ್ತಡದ ಬದಿಗೆ ಅದು ತಲುಪದು.

ಗಾಡಿ ಇಳಿಸಿದಾಗ ಚಕ್ರಗಳ ತಲೆ ಹೊರಕ್ಕೆ ವಾಲಿರುತ್ತದೆ. ಗಾಬರಿ ಬೇಡ. ನಾಲ್ಕಾರು ಮೀಟರ್ ಹಿಂದೆ ಮುಂದೆ ತಳ್ಳಿ, ತಾನೇ ಕೂರುತ್ತದೆ. ಬೀಮ್‌ನ ಒಳಬೋಲ್ಟ್ ಪೂರ್ತಿ ಬಿಗಿಸುವುದು ಈಗ. ಗಾಳಿಯಲ್ಲಿದ್ದಾಗಲೇ ಬಿಗಿಸಿದ್ದರೆ ರಬ್ಬರ್ ಬುಷ್ ತಿರುಚಿಕೊಂಡೇ ಓಡಿ ಬೇಗ ಹರಿಯುತ್ತದೆ, ಗಾಡಿಯೂ ಎತ್ತರಕ್ಕೆ ನಿಲ್ಲುತ್ತದೆ.

ಟೋ-ಇನ್ (ಚಕ್ರಗಳ ಮುಂದಿನ ಅಂಚು ಒಳಕ್ಕೆ ತಿರುಗಿರುವ ಅಳತೆ) ಅನ್ನು ಟೈ ರಾಡ್‌ನಲ್ಲಿ ಕೊನೆಗೆ ನೋಡಿ. ಕ್ಯಾಂಬರ್‌ಗೆ (ಚಕ್ರದ ತಲೆಯ ವಾಲಿಕೆ) ಈ ಗಾಡಿಯಲ್ಲಿ ತಿರುಗಿಸುವ ಸ್ಕ್ರೂ ಇಲ್ಲ. ತಪ್ಪಿದ್ದರೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಹೈಡ್ರಾಲಿಕ್ ಜಾಕಿನಿಂದ ಬೀಮನ್ನೇ ತಣ್ಣಗೆ ಬಗ್ಗಿಸುತ್ತಾರೆ. ಗ್ಯಾಸ್ ಹಚ್ಚಿ ಕಾಯಿಸುತ್ತೇವೆಂದರೆ ಗಾಡಿ ವಾಪಸ್ ತನ್ನಿ.