ಹಂಡೆಯ ಬಿಸಿನೀರಿಗೆ ಇಳಿದ ಬಾದಾಮಿ ಮಾವು

ಶ್ರೀನಿವಾಸಪುರದ ನಮ್ಮ ತೋಟದಿಂದ ಬೆಂಗಳೂರಿನ ಮನೆಗಳಿಗೆ ನೇರವಾಗಿ ಹಣ್ಣು ಕಳಿಸಲು ತೊಡಗಿದ ವರ್ಷ, ಪೆಟ್ಟಿಗೆ ತುಂಬುವಾಗ ಒಂದು ಕಲೆಯೂ ಇಲ್ಲದ ಬಾದಾಮಿಯನ್ನು ಅವರು ಮನೆಯಲ್ಲಿ ಹೆಚ್ಚಿದಾಗ ಒಳಗೆ ಹುಳ ಬಿದ್ದಿತ್ತು. ಕಾಯಿ ಬಲಿಯುವ ಹೊತ್ತಿಗೆ ಹಣ್ಣುನೊಣ ಸಿಪ್ಪೆಯ ಕೆಳಗೆ ಮೊಟ್ಟೆ ಚುಚ್ಚುತ್ತದೆ. ಸೂಜಿ ಮೊನೆಯಷ್ಟು ಗುರುತು, ಅದೂ ಕಣ್ಣಿಗೆ ಬಿದ್ದರೆ. ವಾಸನೆಯಿಂದ ನೊಣವನ್ನು ಸೆಳೆಯುವ ಮೋಹಕ ಬಲೆ ಕಟ್ಟಿದ್ದೆ. ಅದಕ್ಕೆ ಬೀಳುವುದು ಗಂಡು ನೊಣ. ಆಗಲೇ ಇಟ್ಟ ಮೊಟ್ಟೆಗೆ ಅದರಿಂದ ಏನೂ ಆಗದು.

2014ರಲ್ಲಿ ಯುರೋಪ್ ನಮ್ಮ ಮಾವನ್ನು ತಡೆದದ್ದು ಇದೇ ನೊಣಕ್ಕಾಗಿ. ಈಗ ಅಲ್ಲಿಗೆ ಹೋಗುವ ಹಣ್ಣನ್ನು, ಒಳಗಿನ ಮೊಟ್ಟೆ, ಮರಿಹುಳ ಸಾಯಲೆಂದು 48 ಡಿಗ್ರಿ ನೀರಿನಲ್ಲಿ 60 ನಿಮಿಷ ಇಡುತ್ತಾರೆ. ಬೆಂಗಳೂರಿನವರು ತಿನ್ನುವ ಹಣ್ಣಿಗೂ ಅದೇ ಆರೈಕೆ ಸಿಗಲಿ ಎಂದು ನಾನು ಹಟ ಹಿಡಿದೆ.

200 ಲೀಟರಿನ ಹಂಡೆಗೆ ಸೌದೆ ಒಲೆ ಹೂಡಿದೆ. ಮೊದಲ ಸರದಿ ಹಾಳಾಯಿತು. ನೀರು 48 ಮುಟ್ಟಿದ ಕೂಡಲೇ 30 ಕಿಲೋ ಹಣ್ಣು ಇಳಿಸಿದೆ; ಸ್ವಲ್ಪ ಹೊತ್ತಿಗೇ 45ಕ್ಕೆ ಕುಸಿಯಿತು. ಗಾಬರಿಯಲ್ಲಿ ಉರಿ ಹೆಚ್ಚಿಸಿದೆ. ತಳದ ಹಣ್ಣುಗಳ ಸಿಪ್ಪೆ ಬೆಂದು ಕಂದಿತು. ಆ ಹಣ್ಣುಗಳನ್ನು ಹಸುಗಳಿಗೆ ಹಾಕುವಾಗ ಹೊಟ್ಟೆ ಉರಿಯಿತು.

ಈಗ ಬುಡದಲ್ಲಿ ಕಲ್ಲಿಟ್ಟು, ತೂತಿರುವ ಕ್ರೇಟನ್ನು ಅದರ ಮೇಲೆ ಕೂರಿಸುತ್ತೇನೆ. ಹಣ್ಣು ತೇಲದಂತೆ ಮೇಲೊಂದು ತಟ್ಟಿ. ಪಕ್ಕದ ಒಲೆಯಲ್ಲಿ ಕುದಿನೀರು ಸದಾ ಸಿದ್ಧ. ಉರಿ ಕೆದಕುವ ಬದಲು ಚೊಂಬಿನಿಂದ ಹೊಯ್ದು ಕಲಕುತ್ತೇನೆ. ಮೇಲೆ, ತಳದಲ್ಲಿ ಒಂದೊಂದು ಥರ್ಮಾಮೀಟರ್. ಎರಡೂ 48 ತೋರಿಸಿ ನಿಂತ ಮೇಲೆಯೇ ಗಡಿಯಾರ ನೋಡುತ್ತೇನೆ. ಆ ಒಂದು ಗಂಟೆ ಹಂಡೆ ಬಿಟ್ಟು ಕದಲುವಂತಿಲ್ಲ, ಮೊಬೈಲ್ ರಿಂಗಾದರೂ. ಶಾಖ ವಾಟೆಯ ಹತ್ತಿರದ ತಿರುಳಿಗೂ ತಲುಪಬೇಕಲ್ಲ! ಗಾತ್ರ ಬೇರೆಯಾದರೆ ಶಾಖ ಇಳಿಯುವ ಹೊತ್ತೂ ಬೇರೆ, ಹಾಗಾಗಿ ದೊಡ್ಡದು ಚಿಕ್ಕದನ್ನು ಬೆರೆಸುವುದಿಲ್ಲ. ಎಳಸು ಕಾಯಂತೂ ಬೇಡವೇ ಬೇಡ. ಬಿಸಿಗೆ ಅದರ ತಿರುಳು ಕೆಟ್ಟು ಸರಿಯಾಗಿ ಮಾಗುವುದಿಲ್ಲ.

ಅದ್ದುವ ಮುನ್ನ ತೊಟ್ಟು ಮುರಿದು ಸೊನೆ ಇಳಿಸುತ್ತೇನೆ. ಅದ್ದಿ ತೆಗೆದ ಮೇಲೆ ನೆರಳಲ್ಲಿ ಆರಿಸಿ, ನೊಣ ಮತ್ತೆ ಕೂರದಂತೆ ಬಲೆ ಹೊದಿಸುತ್ತೇನೆ. ಚಿಬ್ಬು ರೋಗದ ಕಪ್ಪು ಕಲೆಗಳೂ ಕಡಿಮೆಯಾಗಿರುವುದು ನನಗೆ ಸಿಕ್ಕ ಹೆಚ್ಚುವರಿ ಲಾಭ.

ವಾಟೆಯೊಳಗಿನ ಮೂತಿಹುಳಕ್ಕೆ ಮಾತ್ರ ಈ ಬಿಸಿನೀರನ್ನು ನಾನು ನೆಚ್ಚುವುದಿಲ್ಲ. ಅದಕ್ಕಾಗಿ ಉದುರಿದ ಹಣ್ಣು, ವಾಟೆಗಳನ್ನು ಆಯ್ದು ಗುಂಡಿಗೆ ಹಾಕಿ ಮುಚ್ಚುತ್ತಿದ್ದೇನೆ. ಪ್ರತಿ ಸರದಿಯಿಂದ ನಾಲ್ಕು ಹಣ್ಣು ಎತ್ತಿಟ್ಟು, ಮಾಗಿದ ಮೇಲೆ ವಾಟೆಯವರೆಗೂ ಸೀಳಿ ನೋಡುತ್ತೇನೆ.