ಹಳೆ ಕಾರಿಗೆ ಹೊಸ ತಗಡು: ಸೊಟ್ಟಗಾಗದ ಹಾಗೆ ವೆಲ್ಡ್ ಮಾಡುವುದು ಹೇಗೆ?

ಹಳೆ ಕಾರಿನ ಹಿಂದಿನ ಚಕ್ರದ ಮೇಲಿನ ಕಮಾನು ತುಕ್ಕು ತಿಂದು ಉದುರುತ್ತಿದೆ. ಬದಲಿ ಪ್ಯಾನೆಲ್ ತಂದಾಗಿದೆ, ವೆಲ್ಡಿಂಗ್ ಮಷೀನೂ ಸಿಕ್ಕಿದೆ. ಹೊಸಬರು ಇಲ್ಲಿಂದ ಮುಂದೆ ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ: ಒಂದು ತುದಿಯಲ್ಲಿ ಶುರು ಮಾಡಿ ಇನ್ನೊಂದು ತುದಿಯವರೆಗೆ ನಿಲ್ಲಿಸದೆ ವೆಲ್ಡ್ ಎಳೆದುಬಿಡುತ್ತಾರೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ತಗಡು ತಣ್ಣಗಾದ ಮೇಲೆ ನೋಡಿದರೆ ನೀರಲ್ಲಿ ನೆನೆದು ಒಣಗಿದ ರಟ್ಟಿನ ಹಾಗೆ ಅಲೆಯೆದ್ದಿರುತ್ತದೆ. ಆಮೇಲೆ ಅದನ್ನು ಮುಚ್ಚುವುದಕ್ಕೆ ಡಬ್ಬಿಗಟ್ಟಲೆ ಪುಟ್ಟಿ.

ಕಾರಿನ ಹೊರಮೈ ತಗಡು ಸಾಮಾನ್ಯವಾಗಿ 0.7ರಿಂದ 1 ಮಿ.ಮೀ. ದಪ್ಪ. ಇಷ್ಟು ತೆಳುವಾದ ತಗಡು ಬಿಸಿಯನ್ನು ತಡೆದುಕೊಳ್ಳುವುದಿಲ್ಲ. ಹಾಗಾಗಿ ಇಲ್ಲಿ ಮೊದಲು ಕಲಿಯಬೇಕಾದದ್ದು ಎರಡು ಅಂಚುಗಳನ್ನು ಸರಿಯಾಗಿ ಕೂರಿಸುವುದನ್ನು, ಆಮೇಲೆ ಕಾಯುವುದನ್ನು. ಕೈಚಳಕ ಮೂರನೆಯದು.

ಒಂದು ಎಲ್ಲೆಯನ್ನು ಮೊದಲೇ ಹಾಕಿಕೊಳ್ಳಿ. ಈ ಲೇಖನ ಹೊರಗಿನ ಪ್ಯಾನೆಲ್‌ಗಳಿಗೆ ಮಾತ್ರ. ಸೀಟ್ ಬೆಲ್ಟ್ ಬಿಗಿಯುವ ಜಾಗ, ಸಸ್ಪೆನ್ಷನ್ ಕೂರುವ ಜಾಗ, ಚಾಸಿ, ಬಾಗಿಲ ಕಂಬ, ಇವು ಯಾವುವೂ ಕಲಿಕೆಗೆ ತಕ್ಕ ಜಾಗವಲ್ಲ. ಅಪಘಾತದ ಹೊತ್ತಿನಲ್ಲಿ ಒಳಗಿರುವವರ ಜೀವ ನಿಂತಿರುವುದು ಅವುಗಳ ಮೇಲೆ. ಅಲ್ಲೂ ತುಕ್ಕು ಕಂಡರೆ ಅನುಭವಿಗಳಿಗೆ ಬಿಡಿ.

ಮಷೀನು, ತಂತಿ, ಗ್ಯಾಸ್

ಮಿಗ್ ಮಷೀನು, ಅಂದರೆ ಟ್ರಿಗರ್ ಒತ್ತಿದಾಗ ತಂತಿ ತಾನೇ ಹೊರಬಂದು ಗ್ಯಾಸಿನ ರಕ್ಷಣೆಯಲ್ಲಿ ಕರಗುವಂಥದ್ದು ಬೇಕು, ಅದರಲ್ಲಿ 0.6 ಮಿ.ಮೀ. ತಂತಿ ಬೇಕು. ಬಹಳ ಜನ ಮಷೀನಿನ ಜೊತೆ ಬಂದ 0.8 ತಂತಿಯಲ್ಲೇ ಶುರು ಮಾಡುತ್ತಾರೆ. ಅದನ್ನು ಕರಗಿಸಲು ಹೆಚ್ಚು ಕರೆಂಟು ಬೇಕು, ಆ ಕರೆಂಟಿಗೆ ತಗಡು ತೂತಾಗುತ್ತದೆ. ಗ್ಯಾಸು ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆಸಿದ್ದು, ಆರ್ಗಾನ್ ಪಾಲು ಶೇ 75ರಿಂದ 85ರ ಆಸುಪಾಸು. ಹರಿವು ನಿಮಿಷಕ್ಕೆ 8ರಿಂದ 12 ಲೀಟರ್. ಬರೀ ಕಾರ್ಬನ್ ಡೈಆಕ್ಸೈಡ್‌ನಲ್ಲೂ ಬೆಸೆಯಬಹುದು, ಆದರೆ ಕಿಡಿ ಜಾಸ್ತಿ ಸಿಡಿಯುತ್ತದೆ.

ಗ್ಯಾಸ್ ಬೇಡದ ತಂತಿ ಅಗ್ಗವೆಂದು ಅದಕ್ಕೆ ಹೋಗಬೇಡಿ. ಅದು ಗೇಟು, ಕಂಬಿಗಳಿಗೆ ಸರಿ. ತೆಳು ತಗಡಿಗೆ ಅದರ ಬಿಸಿ ಹೆಚ್ಚು, ಮೇಲೆ ಕಿಟ್ಟ ಬೇರೆ ಕೂರುತ್ತದೆ. ರಾಡ್ ವೆಲ್ಡಿಂಗ್ ಮಾತಂತೂ ಬೇಡವೇ ಬೇಡ. ಇನ್ನೊಂದು ವಿಷಯ: ಮಷೀನಿನಲ್ಲಿ ಹಿಂದೆ ಗ್ಯಾಸಿಲ್ಲದ ತಂತಿ ಓಡಿಸಿದ್ದರೆ ಒಳಗಿನ ಪ್ಲಸ್, ಮೈನಸ್ ಕೇಬಲ್ ಅದಲುಬದಲಾಗಿರುತ್ತದೆ. ಗ್ಯಾಸ್ ತಂತಿಗೆ ಟಾರ್ಚ್ (ತಂತಿ ಹೊರಬರುವ ಹಿಡಿಕೆ) ಪ್ಲಸ್‌ಗೇ ಇರಬೇಕು. ಇದನ್ನು ನೋಡದೆ ಇಡೀ ದಿನ ಸೆಟ್ಟಿಂಗ್ ತಿರುಗಿಸುತ್ತ ಕೂರುವವರಿದ್ದಾರೆ.

ಬೆಂಕಿಗೆ ದಾರಿ ಕೊಡಬೇಡಿ

ಬ್ಯಾಟರಿ ಕಳಚಿಡಿ. ಹಿಂದಿನ ಕಮಾನಿನ ಕೆಲಸವಾದರೆ ಪೆಟ್ರೋಲ್ ಟ್ಯಾಂಕ್ ಇಳಿಸಿಯೇ ಶುರು ಮಾಡಿ, ಒದ್ದೆ ಬಟ್ಟೆ ಹೊದಿಸಿದರೆ ಸಾಲದು. ಸೀಟು, ಕಾರ್ಪೆಟ್, ಬಾಗಿಲ ರಬ್ಬರು, ವೈರು ಎಲ್ಲ ಹೊರಗೆ. ಗಾಜಿಗೆ ದಪ್ಪನೆಯ ಹೊದಿಕೆ ಹಾಕಿ. ಗ್ರೈಂಡರ್ ಕಿಡಿ ಗಾಜಿನೊಳಗೆ ಕೂತರೆ ತೊಳೆದರೆ ಹೋಗುವುದಿಲ್ಲ, ಗಾಜನ್ನೇ ಬದಲಿಸಬೇಕು. ತಳಕ್ಕೆ ಬಳಿದ ಟಾರು, ಪೊಳ್ಳುಗಳಿಗೆ ಹೊಡೆದ ಮೇಣ ಬಿಸಿಗೆ ಹತ್ತಿಕೊಳ್ಳುತ್ತವೆ, ಅದೂ ಕಣ್ಣಿಗೆ ಕಾಣದ ಜಾಗದಲ್ಲಿ. ಕೊನೆಯ ಚುಕ್ಕೆ (ಒಂದು ಸಲಕ್ಕೆ ಹಾಕುವ ಪುಟ್ಟ ವೆಲ್ಡ್) ಹಾಕಿದ ಮೇಲೆ ಒಂದು ತಾಸು ಕಾರಿನ ಹತ್ತಿರವೇ ಇರಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿರಲಿ.

ಎಣ್ಣೆ ಒರೆಸಲು ಬ್ರೇಕ್ ಕ್ಲೀನರ್ ಹೊಡೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಕ್ಲೋರಿನ್ ಬೆರೆತ ಕ್ಲೀನರ್ ವೆಲ್ಡಿಂಗ್‌ನ ಬೆಳಕಿಗೆ, ಬಿಸಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಆ ಬಟ್ಟೆಯನ್ನೂ ಡಬ್ಬಿಯನ್ನೂ ದೂರ ಎಸೆದು ಬನ್ನಿ. ಸತುವಿನ ಲೇಪವಿರುವ ತಗಡಾದರೆ ಬೆಸೆಯುವ ಜಾಗದಲ್ಲಿ ಅದನ್ನು ಉಜ್ಜಿ ತೆಗೆಯಿರಿ. ಅದರ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಬರುತ್ತದೆ.

ಕತ್ತರಿಸುವ ಮೊದಲು

ಹಳೆ ಬಾಡಿಯ ಮೇಲೆ ಮ್ಯಾಗ್ನೆಟ್ ಆಡಿಸಿ. ಹಿಡಿಯದ ಕಡೆ ಪುಟ್ಟಿಯಿದೆ, ಅದರಡಿ ಏನಿದೆಯೋ ಯಾರು ಬಲ್ಲರು. ಬಣ್ಣ ತೆಗೆದು ನೋಡಿ. ತುಕ್ಕಿನ ಕಲೆ ಕೊನೆಯಾದ ಕಡೆಯಿಂದ ಇನ್ನೂ 25 ಮಿ.ಮೀ. ಆಚೆಗೆ ಗೆರೆ ಹಾಕಿ. ಹೊರಗೆ ಹೊಳೆಯುವ ತಗಡು ಒಳಬದಿಯಲ್ಲಿ ತುಕ್ಕು ತಿಂದು ಅರ್ಧ ದಪ್ಪಕ್ಕೆ ಇಳಿದಿರಬಹುದು. ವೆಲ್ಡ್ ತಾಕಿದೊಡನೆ ಅದು ಕರಗಿ ಹೋಗುತ್ತದೆ. ತುಕ್ಕನ್ನು ಕಪ್ಪಾಗಿಸುವ ದ್ರಾವಣ ಬಳಿದು ಅದರ ಮೇಲೆ ಬೆಸೆಯುವುದೂ ಆಗದ ಮಾತು.

ಹಳೆ, ಹೊಸ ತಗಡು ಸೇರುವ ಜೋಡಿಯ ಗೆರೆಯನ್ನು ಚಪ್ಪಟೆ ಬಯಲಿನ ನಡುವೆ ತರಬೇಡಿ. ಬಾಡಿಯಲ್ಲಿ ಮಡಿಕೆ, ಉಬ್ಬುಗೆರೆ ಇರುವ ಕಡೆ ತಗಡು ತನ್ನಷ್ಟಕ್ಕೇ ಬಿಗಿಯಾಗಿರುತ್ತದೆ. ಅದರ ಪಕ್ಕಕ್ಕೆ ಗೆರೆ ತನ್ನಿ. ಮೂಲೆಗಳನ್ನು ದುಂಡಗೆ ತಿರುಗಿಸಿ. ಚೂಪು ಮೂಲೆಯಲ್ಲಿ ಬಿಸಿ ಗುಡ್ಡೆ ಬೀಳುತ್ತದೆ.

ಕಡಿಮೆ ಬೆಲೆಯ ಬದಲಿ ಪ್ಯಾನೆಲ್‌ಗಳ ಬಗ್ಗೆ ಎಚ್ಚರ. ಕಮಾನಿನ ಸುತ್ತು ಹೊಂದದವು, ಅಂಚಿನ ಮಡಿಕೆ ಗಿಡ್ಡವಾದವು ಬರುತ್ತಲೇ ಇರುತ್ತವೆ. ಹಳೆಯದನ್ನು ಕತ್ತರಿಸುವ ಮುಂಚೆಯೇ ಹೊಸದನ್ನು ಅದರ ಮೇಲಿಟ್ಟು ಬಾಗಿಲು, ಚಕ್ರ, ಬಂಪರ್ ಎಲ್ಲದರ ಜೊತೆ ಹೋಲಿಸಿ. ಒಮ್ಮೆ ಕತ್ತರಿಸಿದ ಮೇಲೆ ಅಳತೆಗೆ ಆಧಾರವೇ ಉಳಿಯುವುದಿಲ್ಲ.

ಅಂಚಿಗೆ ಅಂಚು

ಒಂದರ ಮೇಲೊಂದು ಹೊದಿಸಿ ಬೆಸೆಯುವುದು ಸುಲಭ, ನಿಜ. ಆದರೆ ಆ ಎರಡು ಪದರದ ಸಂದಿನಲ್ಲಿ ನೀರು ನಿಲ್ಲುತ್ತದೆ, ಕೆಲವೇ ವರ್ಷಕ್ಕೆ ಅದೇ ಗೆರೆಯಲ್ಲಿ ತುಕ್ಕು ಎದ್ದುಬರುತ್ತದೆ. ಹೊರಗೆ ಕಾಣುವ ಜೋಡಿಯನ್ನು ಅಂಚಿಗೆ ಅಂಚು ಮುಟ್ಟಿಸಿಯೇ ಮಾಡಿ.

ಎರಡೂ ಗೆರೆಗಳು ತಾಳೆಯಾಗಲು ಒಳ್ಳೆಯ ಉಪಾಯವೊಂದಿದೆ. ಹಳೆ ತಗಡನ್ನು ಒರಟಾಗಿ, ಬೇಕಾದ್ದಕ್ಕಿಂತ 20 ಮಿ.ಮೀ. ಉಳಿಸಿ ಕತ್ತರಿಸಿ. ಹೊಸ ಪ್ಯಾನೆಲನ್ನು ಅದರ ಮೇಲೆ ಹೊದಿಸಿ, ಸ್ಕ್ರೂ ಹಾಕಿ, ಗ್ರಿಪ್ ಪ್ಲೈಯರ್‌ನಲ್ಲಿ ಬಿಗಿದು, ಬಾಗಿಲು ಮುಚ್ಚಿ ಸಂದು ಸರಿಯಿದೆಯೇ ನೋಡಿ. ಆಮೇಲೆ 1 ಮಿ.ಮೀ. ಡಿಸ್ಕ್‌ನಲ್ಲಿ ಎರಡೂ ಪದರವನ್ನು ಒಟ್ಟಿಗೆ ಸೀಳಿ. ಮೇಲಿನದು ಹೇಗೆ ಡೊಂಕಾದರೆ ಕೆಳಗಿನದೂ ಹಾಗೇ ಡೊಂಕು. ನಡುವಿನ ಸಂದು ಡಿಸ್ಕ್‌ನ ದಪ್ಪದಷ್ಟೇ ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಸಂದು ಬಿಟ್ಟರೆ ತಂತಿ ಎರಡು ಅಂಚನ್ನೂ ಹಿಡಿಯದೆ ಒಳಗೆ ಜಾರುತ್ತದೆ. ಸಂದೇ ಇಲ್ಲದಿದ್ದರೆ ಬಿಸಿಗೆ ಹಿಗ್ಗಿದ ಅಂಚುಗಳು ಒಂದರ ಮೇಲೊಂದು ಹತ್ತುತ್ತವೆ.

ಅಂಚಿನ ಎರಡೂ ಬದಿ, ಮುಂದೂ ಹಿಂದೂ, 20 ಮಿ.ಮೀ. ಅಗಲ ಬಣ್ಣ ತೆಗೆದು ಹೊಳೆಯುವಂತೆ ಮಾಡಿ. ಹೊಸ ಪ್ಯಾನೆಲಿನ ಕಪ್ಪು ಲೇಪವೂ ಇದರಲ್ಲಿ ಸೇರಿತು. ಅರ್ತ್ ಕ್ಲಾಂಪ್ (ಮಷೀನಿನ ಇನ್ನೊಂದು ಕೇಬಲ್ಲಿನ ಚಿಮುಟ) ಕಚ್ಚುವ ಜಾಗವೂ ಹೊಳೆಯಬೇಕು.

ಚುಕ್ಕೆ, ಮತ್ತೆ ಚುಕ್ಕೆ

ಇಷ್ಟು ಹೊತ್ತಿನ ತಯಾರಿಯೆಲ್ಲ ಈ ಹಂತಕ್ಕಾಗಿ. ಮೊದಲು ಅದೇ ದಪ್ಪದ ತುಂಡು ತಗಡಿನಲ್ಲಿ ಸೆಟ್ಟಿಂಗ್ ಹುಡುಕಿ. ಮೊದಲ ಚುಕ್ಕೆಯನ್ನೇ ಕಾರಿನ ಮೇಲೆ ಹಾಕಬೇಡಿ. ಸೆಟ್ಟಿಂಗ್ ಸ್ವಲ್ಪ ಬಿಸಿಯಾಗಿರಲಿ, ಟ್ರಿಗರ್ ಒತ್ತುವ ಹೊತ್ತು ಕಡಿಮೆಯಿರಲಿ. ಹೆದರಿಕೊಂಡು ಕರೆಂಟು ಇಳಿಸಿದರೆ ಚುಕ್ಕೆ ತಗಡಿನೊಳಗೆ ಇಳಿಯದೆ ಮೇಲೆ ಗೋಲಿಯ ಹಾಗೆ ಕೂರುತ್ತದೆ, ಉಜ್ಜಿದಾಗ ಬಿರುಕು ಬಿಟ್ಟು ಕಿತ್ತುಬರುತ್ತದೆ. ತುಂಡನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲಿ ಸಣ್ಣ ಉಬ್ಬು ಕಂಡರೆ ಸೆಟ್ಟಿಂಗ್ ಸರಿ.

ಟಾರ್ಚಿನಿಂದ ಹೊರಬಂದ ತಂತಿ 6ರಿಂದ 10 ಮಿ.ಮೀ. ಇರಲಿ. ಪ್ರತಿ ಸಲ ತಂತಿಯ ತುದಿಯ ಗುಂಡನ್ನು ಕಟರ್‌ನಲ್ಲಿ ಚಿವುಟಿ, ಚೂಪು ತುದಿಯನ್ನು ಸಂದಿನ ನಟ್ಟನಡುವೆ ಇಟ್ಟು, ಟ್ರಿಗರ್ ಒತ್ತಿ, ಅರ್ಧದಿಂದ ಒಂದು ಸೆಕೆಂಡಿಗೆ ಬಿಡಿ. ಮುಸುಕಿನ ಗಾಜಿನಾಚೆ ಕರಗಿದ ಹನಿ ಎರಡು ಅಂಚಿಗೂ ಹರಡಿ ಚಪ್ಪಟೆಯಾಗುವುದು ಕಾಣುತ್ತದೆ. ಆ ಕ್ಷಣವೇ ಬೆರಳು ಎತ್ತಬೇಕು. ಕೆಂಪು ಚುಕ್ಕೆ ಮಬ್ಬಾಗಿ, ಸುತ್ತ ನೀಲಿ ಉಂಗುರ ಮೂಡುತ್ತದೆ. ಆ ಉಂಗುರ ಸಣ್ಣದಿದ್ದಷ್ಟೂ ತಗಡು ಸಪಾಟಾಗಿ ಉಳಿಯುತ್ತದೆ.

ಮೊದಲ ಸುತ್ತಿನಲ್ಲಿ 40–50 ಮಿ.ಮೀ.ಗೆ ಒಂದು ಚುಕ್ಕೆ. ಸಾಲಾಗಿ ಅಲ್ಲ: ನಡುವೆ ಒಂದು, ಎಡತುದಿಯಲ್ಲೊಂದು, ಬಲತುದಿಯಲ್ಲೊಂದು, ಹೀಗೆ ಹಾರಿಹಾರಿ. ಪ್ರತಿ ಚುಕ್ಕೆಗೂ ಮುಂಚೆ ಎರಡು ಅಂಚು ಒಂದೇ ಮಟ್ಟದಲ್ಲಿವೆಯೇ ಎಂದು ಬೆರಳಾಡಿಸಿ ನೋಡಿ. ಒಂದು ತಗ್ಗಿದ್ದರೆ ಸ್ಕ್ರೂಡ್ರೈವರ್‌ನಲ್ಲಿ ಮೀಟಿ ಎತ್ತಿ, ಆಮೇಲೆ ಹಾಕಿ. ಈ ಸುತ್ತು ಮುಗಿದೊಡನೆ ಬಾಗಿಲು ಮುಚ್ಚಿ ಸಂದು ನೋಡಿ. ತಪ್ಪಿದ್ದರೆ ಈಗಲೇ ಡಿಸ್ಕ್‌ನಲ್ಲಿ ಚುಕ್ಕೆ ಕತ್ತರಿಸಿ ಮತ್ತೆ ಕೂರಿಸಿ. ಮುಂದಿನ ಸುತ್ತಿನಲ್ಲಿ ಎರಡು ಚುಕ್ಕೆಯ ನಡುವೆ ಒಂದು, ಅದರ ಮುಂದಿನದರಲ್ಲಿ ಮತ್ತೆ ನಡುವೆ ಒಂದು. ಆಮೇಲೆ ಇದ್ದ ಚುಕ್ಕೆಯ ಪಕ್ಕಕ್ಕೆ ಹೊಸದನ್ನು ಅಂಟಿಸುತ್ತ ಸಂದು ತುಂಬಿ. 60 ಸೆಂ.ಮೀ. ಜೋಡಿಗೆ ನೂರಕ್ಕೂ ಹೆಚ್ಚು ಚುಕ್ಕೆ ಬೇಕಾಗುತ್ತದೆ.

ಮುಂದಿನ ಚುಕ್ಕೆ ಯಾವಾಗ? ಕೈಗವಸು ತೆಗೆದು ಅಂಗೈಯನ್ನು ಮೊದಲು ಸ್ವಲ್ಪ ದೂರದಲ್ಲಿ ಹಿಡಿಯಿರಿ. ಝಳ ಹೊಡೆಯದಿದ್ದರೆ ತಗಡಿನ ಮೇಲಿಡಿ. ಇಟ್ಟ ಕೈ ತೆಗೆಯಬೇಕೆನಿಸದಿದ್ದರೆ ಮಾತ್ರ ಆ ಜಾಗಕ್ಕೆ ಮತ್ತೆ ಹೋಗಿ. ಕಾಯಲಾರದೆ ಒದ್ದೆ ಬಟ್ಟೆ ಒತ್ತುವವರಿದ್ದಾರೆ. ಹಾಗೆ ಮಾಡಬೇಡಿ, ಜೋಡಿ ಗಡುಸಾಗುತ್ತದೆ, ಸಂದಿಗೆ ನೀರು ಇಳಿದು ತುಕ್ಕು ಅಂದೇ ಶುರುವಾಗುತ್ತದೆ.

ತಗಡು ಸೊಟ್ಟಗಾಗುವುದು ಏಕೆಂದು ಗೊತ್ತಿದ್ದರೆ ಈ ತಾಳ್ಮೆ ಕಷ್ಟವೆನಿಸುವುದಿಲ್ಲ. ಬಿಸಿಯಾದ ಜಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಅಗಲಕ್ಕೆ ದಾರಿಯಿಲ್ಲದೆ ಅದು ದಪ್ಪವಾಗುತ್ತದೆ. ತಣ್ಣಗಾಗುವಾಗ ಮೊದಲಿಗಿಂತ ಗಿಡ್ಡವಾಗಿ ಸುತ್ತಲಿನದನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ. ಪರಿಹಾರವೂ ಇದರಲ್ಲೇ ಇದೆ: ಚುಕ್ಕೆಯ ತಲೆಯನ್ನು ಸ್ವಲ್ಪ ಉಜ್ಜಿ, ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ನುಣುಪಾದ ಉಕ್ಕಿನ ದಿಮ್ಮಿ) ಒತ್ತಿ, ಮುಂದಿನಿಂದ ಚುಕ್ಕೆಯ ಮೇಲೇ ಸುತ್ತಿಗೆಯಿಂದ ಹಗುರವಾಗಿ ಬಡಿದರೆ ಗಿಡ್ಡವಾದದ್ದು ಮತ್ತೆ ಹಿಗ್ಗುತ್ತದೆ. ಪ್ರತಿ ಸುತ್ತಿನ ನಂತರವೂ ಇದನ್ನು ಮಾಡಿ.

ತೂತು ಬಿದ್ದರೆ ಗಾಬರಿಯಾಗಿ ಅಲ್ಲೇ ಮತ್ತೆ ಮತ್ತೆ ಒತ್ತಬೇಡಿ, ತೂತು ದೊಡ್ಡದಾಗುತ್ತ ಹೋಗುತ್ತದೆ. ತಣ್ಣಗಾಗಲಿ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದು, ತೂತಿನ ಅಂಚಿನಿಂದ ಒಳಗೆ ಒಂದೊಂದೇ ಚುಕ್ಕೆ ಕಟ್ಟಿ. ತಾಮ್ರಕ್ಕೆ ಉಕ್ಕು ಅಂಟುವುದಿಲ್ಲ, ಬಿಸಿಯನ್ನೂ ಅದು ಎಳೆದುಕೊಳ್ಳುತ್ತದೆ.

ಕಮಾನಿನ ಒಳ ಅಂಚು

ಹಳೆಯದನ್ನು ತೆಗೆಯುವಾಗ, ಕಂಪನಿ ಸ್ಪಾಟ್ ವೆಲ್ಡ್ (ಎರಡು ಪದರವನ್ನು ಅಲ್ಲಲ್ಲಿ ಒತ್ತಿ ಬೆಸೆದ ಗುಂಡು ಗುರುತು) ಹಾಕಿದ ಕಡೆ 8 ಮಿ.ಮೀ. ಸ್ಪಾಟ್ ಕಟರ್‌ನಲ್ಲಿ ಮೇಲಿನ ಪದರ ಮಾತ್ರ ಕೊರೆದು ಬಿಡಿಸಿ. ಹೊಸ ಪ್ಯಾನೆಲಿನ ಅಂಚಿನಲ್ಲಿ ಅಷ್ಟೇ ಸಂಖ್ಯೆಯ 6–8 ಮಿ.ಮೀ. ತೂತು ಮಾಡಿ. ಎರಡು ಪದರ ಮುಟ್ಟುವ ಮೈಗೆ ಸತುವಿನ ವೆಲ್ಡ್ ಪ್ರೈಮರ್ ಬಳಿಯಿರಿ, ತೂತಿನೊಳಗೆ ಬಿದ್ದದ್ದನ್ನು ಕೆರೆದು ತೆಗೆಯಿರಿ. ಪ್ರತಿ ತೂತಿನ ಪಕ್ಕವೂ ಕ್ಲಾಂಪ್ ಬಿಗಿದು, ಮೊದಲು ಕೆಳಗಿನ ತಗಡಿನ ನಡುವೆ ಆರ್ಕ್ (ತಂತಿಯ ತುದಿಯಿಂದ ತಗಡಿಗೆ ಹಾರುವ ವಿದ್ಯುತ್ ಜ್ವಾಲೆ) ಹಿಡಿದು, ಸುತ್ತುತ್ತ ಹೊರಗೆ ಬನ್ನಿ.

ಉಜ್ಜುವುದು, ಮುಚ್ಚುವುದು

ಗ್ರೈಂಡರ್ ಬಿಸಿಗೂ ತಗಡು ಸೊಟ್ಟಗಾಗುತ್ತದೆ. ವೆಲ್ಡಿನ ತಲೆಯನ್ನಷ್ಟೇ ಉಜ್ಜಿ, ಜಾಗ ಬದಲಿಸುತ್ತಿರಿ. ಕೊನೆಗೆ 80 ನಂಬರಿನ ಫ್ಲ್ಯಾಪ್ ಡಿಸ್ಕ್ ಸಾಕು. ಅಕ್ಕಪಕ್ಕದ ತಗಡು ಸವೆದರೆ ಹೊಸ ಪ್ಯಾನೆಲ್ ಹಾಕಿದ್ದೇ ದಂಡ. ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪುಟ್ಟಿ 2–3 ಮಿ.ಮೀ. ಮೀರದಿರಲಿ. ಹೆಚ್ಚು ಬೇಕೆನಿಸಿದರೆ ಮತ್ತೆ ಸುತ್ತಿಗೆ, ಡಾಲಿ ಹಿಡಿಯಿರಿ.

ಹಿಂಬದಿಯನ್ನು ಮರೆಯುವವರೇ ಹೆಚ್ಚು. ಹೊರಗೆ ಎಷ್ಟು ಚೆನ್ನಾಗಿ ಬಣ್ಣ ಹೊಡೆದರೂ ಒಳಗೆ ವೆಲ್ಡಿನ ಬೆನ್ನು ಸುಟ್ಟ ಬತ್ತಲೆ ಲೋಹ. ಅಂಚಿನ ಸಂದುಗಳಿಗೆ ನೀರು ಇಳಿಯದಂತೆ ತಡೆಯುವ ಅಂಟು, ಸೀಮ್ ಸೀಲರ್ ತುಂಬಿ. ಬಣ್ಣ ಒಣಗಿದ ನಂತರ ಉದ್ದ ಕೊಳವೆಯ ತುದಿಯಿಂದ ಪೊಳ್ಳಿನೊಳಗೆ ಕ್ಯಾವಿಟಿ ಮೇಣ ಸಿಂಪಡಿಸಿ, ಕೆಳಗಿನ ನೀರು ಹೋಗುವ ತೂತಿನಿಂದ ಅದು ತೊಟ್ಟಿಕ್ಕುವವರೆಗೆ. ಮಾರನೆಯ ದಿನ ಆ ತೂತುಗಳಿಗೆ ತಂತಿ ಚುಚ್ಚಿ, ಮೇಣ ಕಟ್ಟಿಕೊಂಡಿಲ್ಲವೆಂದು ನೋಡಿಕೊಳ್ಳಿ.