ರಿಪೋರ್ಟ್ ಬರುವವರೆಗೆ: ಭಯವನ್ನು ಆರೂವರೆ ಗಂಟೆಗೆ ಕಟ್ಟಿಹಾಕಿದ ನನ್ನ ಅನುಭವ

ನರದ ಟೆಸ್ಟಿಗೆ, ಅದರ ರಿಪೋರ್ಟಿಗೆ ಕಾಯುತ್ತಿದ್ದಾಗ, ಚಿಂತೆ ಮಾಡೋಕೆ ದಿನಕ್ಕೆ ಅರ್ಧ ಗಂಟೆ ಗೊತ್ತು ಮಾಡಿಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಒಬ್ಬರೂ ನಂಬಲಿಲ್ಲ. ‘ಚಿಂತೆಗೂ ಟೈಮ್‌ಟೇಬಲ್ಲಾ ಭಾವ?’ ಎಂದ ಬಾಮೈದ. ಮೆಡಿಕಲ್ ಸ್ಟೋರ್ ಇಟ್ಟಿರುವ ಗೆಳೆಯ, ‘ಡಾಕ್ಟರ ಹತ್ರ ಒಂದು ನಿದ್ದೆ ಮಾತ್ರೆ ಬರೆಸ್ಕೊ, ಸಾಕು’ ಎಂದ. ಈಗ ಅದೇ ಬಾಮೈದ ತನ್ನ ಥೈರಾಯ್ಡ್ ಗಂಟಿನ ರಿಪೋರ್ಟಿಗೆ ಕಾಯುತ್ತಾ ನನ್ನ ಪದ್ಧತಿ ಕೇಳಿಕೊಂಡು ಹೋಗಿದ್ದಾನೆ. ಇನ್ನೂ ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಎಂಆರ್‌ಐ ಅಂದ್ರೆ ಮೈಯೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್, ಇಎಂಜಿ ಅಂದ್ರೆ ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಮಿಡಿತ ನೋಡುವ ಟೆಸ್ಟು. ಕಾಯುತ್ತಾ ಕೂತವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ ಅಲ್ವಾ? ಉಳಿದದ್ದನ್ನು ಬಿಟ್ಟುಬಿಡುತ್ತೇನೆ.

ನನ್ನ ಮೀನಖಂಡ ಅದುರಲು ಶುರುವಾಗಿದ್ದು ಹೋದ ಮಳೆಗಾಲದ ಕೊನೆಗೆ. ಮೊದಲು ಎಡಗಾಲು, ಆಮೇಲೆ ಎರಡೂ. ಆಮೇಲೆ ಹೆಬ್ಬೆರಳಿನ ಬುಡ, ಕಣ್ಣಿನ ರೆಪ್ಪೆ. ಜೊತೆಗೆ ಪಾದದಲ್ಲಿ ಜೋಮು. ಅರಸೀಕೆರೆಯಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ದಿನಪೂರ್ತಿ ಕಂಪ್ಯೂಟರ್ ಎದುರಿಗೇ ಇರುತ್ತೆ. ಒಂದು ಕಡೆ ಲಗ್ನಪತ್ರಿಕೆ, ಇನ್ನೊಂದು ಟ್ಯಾಬ್‌ನಲ್ಲಿ ಗೂಗಲ್. ಸ್ನಾಯು ಅದುರುವುದು ಎಂದು ಹುಡುಕಿದರೆ ಹೆಚ್ಚು ಹೊತ್ತು ಬೇಕಿಲ್ಲ, ಎಎಲ್‌ಎಸ್ ಎದುರಿಗೆ ಬಂದು ನಿಲ್ಲುತ್ತೆ. ಸ್ನಾಯು ಆಡಿಸುವ ನರಗಳು ಸಾಯುತ್ತಾ ಹೋಗಿ ಮೈ ಬಲ ಕಳೆದುಕೊಳ್ಳುವ ಕಾಯಿಲೆ ಅದು. ವಿಜ್ಞಾನಿ ಸ್ಟೀಫನ್ ಹಾಕಿಂಗ್‌ಗೆ 1963ರಲ್ಲಿ, 21ನೇ ವಯಸ್ಸಿಗೆ ಪತ್ತೆಯಾದ ಕಾಯಿಲೆ. ಅವರು 2018ರವರೆಗೆ ಬದುಕಿದ್ದರು ಎನ್ನುವುದು ಆ ಹೊತ್ತಿನಲ್ಲಿ ತಲೆಗೇ ಹೋಗುವುದಿಲ್ಲ.

ಬೆಂಗಳೂರಿನ ನ್ಯೂರಾಲಜಿಸ್ಟ್ ಚೆನ್ನಾಗಿಯೇ ನೋಡಿದರು. ಸುತ್ತಿಗೆಯಿಂದ ಮಂಡಿ ತಟ್ಟಿದರು, ಹಿಮ್ಮಡಿ ಮೇಲೆ ನಡೆಸಿದರು, ನಾಲಿಗೆ ಚಾಚಿಸಿದರು. ‘ಚಪ್ಪಲಿ ಗೊತ್ತಿಲ್ಲದೆ ಕಾಲಿಂದ ಜಾರುತ್ತಾ?’ ಎಂದು ಕೇಳಿದರು. ಇಲ್ಲ ಎಂದೆ. ‘ಬಲ ಚೆನ್ನಾಗಿದೆ. ಬರೀ ಅದುರೋದಕ್ಕೆ ಹೆದರಬೇಡಿ. ಆದ್ರೂ ಒಂದ್ಸಲ ನೋಡಿಬಿಡೋಣ’ ಎಂದು ಎಂಆರ್‌ಐ, ಎನ್‌ಸಿಎಸ್ (ನರದಲ್ಲಿ ಸಂಕೇತ ಹೇಗೆ ಹರಿಯುತ್ತೆ ಎಂದು ನೋಡುವ ಟೆಸ್ಟು), ಇಎಂಜಿ, ಒಂದಷ್ಟು ರಕ್ತದ ಟೆಸ್ಟು ಬರೆದರು. ಇಎಂಜಿಗೆ ಸಿಕ್ಕ ತಾರೀಕು ಹೆಚ್ಚು ಕಡಿಮೆ ಒಂದು ತಿಂಗಳ ನಂತರದ್ದು. ಆ ತಿಂಗಳೇ ನಿಜವಾದ ಕಾಯಿಲೆ.

ಮೊದಲ ಹತ್ತು ಹನ್ನೆರಡು ದಿನ ಏನೇನೋ ಮಾಡಿದೆ, ಒಂದೂ ಕೈ ಹಿಡಿಯಲಿಲ್ಲ. ಸ್ಮಾರ್ಟ್‌ಫೋನ್ ಬೀರುವಿನಲ್ಲಿಟ್ಟು ಕೀಪ್ಯಾಡ್ ಸೆಟ್ ಹಿಡಿದೆ. ಆದರೆ ಅಂಗಡಿಯ ಕಂಪ್ಯೂಟರನ್ನು ಬೀರುವಿನಲ್ಲಿಡೋಕೆ ಆಗುತ್ತಾ? ಪ್ರಾಣಾಯಾಮಕ್ಕೆ ಕೂತೆ. ಉಸಿರು ಎಳೆದು ಬಿಡುವುದು ಜಾಸ್ತಿಯಾಗಿ ತುಟಿ, ಬೆರಳ ತುದಿಯೆಲ್ಲ ಜುಮ್ ಎನ್ನತೊಡಗಿತು. ಉಸಿರಾಟ ಅಳತೆ ಮೀರಿದರೆ ಯಾರಿಗಾದರೂ ಹಾಗಾಗುತ್ತೆ. ಆದರೆ ಭಯದಲ್ಲಿದ್ದವನಿಗೆ ಅದೇ ಹೊಸ ರೋಗಲಕ್ಷಣ. ಇನ್ನಿಬ್ಬರು ಡಾಕ್ಟರ ಬಳಿ ಸೆಕೆಂಡ್ ಒಪಿನಿಯನ್‌ಗೆ ಹೋದೆ. ಒಬ್ಬೊಬ್ಬರಿಗೆ ಎಂಟುನೂರೋ ಸಾವಿರವೋ ಫೀಸು, ರೈಲು, ಆಟೋ, ಊಟ ಬೇರೆ. ಇಬ್ಬರೂ ಮೊದಲನೆಯವರು ಹೇಳಿದ್ದನ್ನೇ ಹೇಳಿದರು. ಆ ಧೈರ್ಯ ಯಶವಂತಪುರ ದಾಟಿ ತುಮಕೂರು ಬರುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಆನ್‌ಲೈನ್‌ನಲ್ಲಿ ಮೆಗ್ನೀಸಿಯಂ ಮಾತ್ರೆ, ಯಾವುದೋ ಎಣ್ಣೆ ತರಿಸಿದ್ದಕ್ಕೆ ಎರಡು ಸಾವಿರ ಹೋಯಿತು. ಎಂಆರ್‌ಐಗೆ ಏಳು ಸಾವಿರ, ನರದ ಟೆಸ್ಟಿಗೆ ಮೂರೂವರೆ, ರಕ್ತಕ್ಕೆ ಎರಡೂವರೆ. ಎಲ್ಲ ಸೇರಿ ಮೂವತ್ತರ ಹತ್ತಿರ. ಅದರಲ್ಲಿ ಬೇಕಾಗಿದ್ದ ಖರ್ಚು ಅರ್ಧ, ಬರೀ ಭಯದ ಖರ್ಚು ಇನ್ನರ್ಧ ಎಂದು ನನ್ನ ಲೆಕ್ಕ.

ಕೊನೆಗೆ ಕೆಲಸ ಮಾಡಿದ್ದು ಅರವತ್ತು ರೂಪಾಯಿಯ ಉದ್ದನೆಯ ಲೆಕ್ಕದ ಪುಸ್ತಕ. ಒಂದು ರಾತ್ರಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೆ. ಸರ್ಕಾರದ್ದು, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು. ‘ಚಿಂತೆ ಬರಬೇಡ ಅನ್ನಬೇಡಿ, ಆಮೇಲೆ ಬಾ ಅನ್ನಿ’ ಎಂದ ಆ ಹೆಣ್ಣುಮಗಳ ಮಾತು ಹಿಡಿಸಿತು. ಅದನ್ನು ನನ್ನ ಅಂಗಡಿಗೆ, ನನ್ನ ಮನೆಗೆ ತಕ್ಕಂತೆ ಕಟ್ಟಿಕೊಂಡಿದ್ದು ಮಾತ್ರ ನಾನೇ.

ಹಗಲು ಭಯ ಬಂದರೆ ಹಾಳು ಜೆರಾಕ್ಸ್ ಹಾಳೆಯ ಚೂರಿನಲ್ಲಿ ಎರಡೇ ಪದ. ‘ಬಲ ಹೆಬ್ಬೆರಳು.’ ‘ನಾಲಿಗೆ ತೊದಲು?’ ಮಡಿಸಿ ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬಿಗೆ ಹಾಕಿ ಕೆಲಸಕ್ಕೆ ಕೈ ಹಾಕುವುದು. ಅದು ನಿಜವೋ ಸುಳ್ಳೋ ಎಂದು ಆಗ ಯೋಚಿಸಬಾರದು. ಸಂಜೆ ಆರೂವರೆಗೆ ಹಿತ್ತಿಲ ಕಲ್ಲುಬೆಂಚಿನ ಮೇಲೆ ಕೂತು ಚೀಟಿ ಒಂದೊಂದೇ ಬಿಚ್ಚಿ ಪುಸ್ತಕಕ್ಕೆ ಬರೆಯುವುದು. ಎಷ್ಟು ಬೇಕೋ ಅಷ್ಟು ಹೆದರುವುದು, ಅತ್ತರೂ ಸರಿ. ಏಳಕ್ಕೆ ಪುಸ್ತಕ ಮುಚ್ಚಬೇಕು. ಹಾಸಿಗೆ ಮೇಲೆ ಮಾತ್ರ ಇದನ್ನು ಮಾಡಲೇಬೇಡಿ, ನಿದ್ದೆ ಕೆಡುತ್ತೆ. ಮೊದಲ ವಾರ ದಿನಕ್ಕೆ ಮೂವತ್ತು ನಲವತ್ತು ಚೀಟಿ. ಎರಡನೇ ವಾರದ ಕೊನೆಗೆ ಹತ್ತರ ಆಸುಪಾಸು. ಸಂಜೆ ಬಿಚ್ಚುವಾಗ ಅರ್ಧಕ್ಕರ್ಧ ಚೀಟಿಗಳಲ್ಲಿ ಜೀವವೇ ಇರುತ್ತಿರಲಿಲ್ಲ.

ಇದರ ಜೊತೆ ಎರಡು ಕಟ್ಟುನಿಟ್ಟು. ಒಂದು, ಮೈ ಪರೀಕ್ಷೆ ಬಂದ್. ಕನ್ನಡಿಯಲ್ಲಿ ನಾಲಿಗೆ ನೋಡುವುದು, ತುದಿಗಾಲಲ್ಲಿ ನಿಲ್ಲುವುದು, ಟೇಪು ಹಿಡಿದು ಎರಡೂ ಮೀನಖಂಡ ಅಳೆಯುವುದು ಎಲ್ಲ ನಿಲ್ಲಬೇಕು. ಆ ಟೇಪನ್ನು ಪಕ್ಕದ ಟೈಲರ್‌ಗೆ ಕೊಟ್ಟುಬಿಟ್ಟೆ. ಎರಡನೆಯದು ಹೆಂಡತಿಯ ಪಾಲಿನದು. ನಾನು ‘ಏನೂ ಆಗಲ್ಲ ಅಲ್ವಾ?’ ಎಂದು ಕೇಳಿದರೆ ಅವಳು ಧೈರ್ಯ ಹೇಳಬಾರದು. ‘ಆರೂವರೆಗೆ ಬರ್ಕೊಳ್ರೀ’ ಅನ್ನಬೇಕು, ಅಷ್ಟೇ. ಅವಳಿಗೆ ಅದು ಕಲ್ಲುಮನಸ್ಸು ಎನಿಸಿತು, ಎರಡು ದಿನ ಅವಳೇ ಕಣ್ಣೀರು ಹಾಕಿದಳು. ಆದರೆ ಕೇಳಿ ಕೇಳಿ ಪಡೆದ ಧೈರ್ಯ ಇನ್ನೊಮ್ಮೆ ಕೇಳುವಂತೆ ಮಾಡುತ್ತೆ. ಅವಳು ಹೇಳುವುದು ನಿಲ್ಲಿಸಿದ ಮೇಲೇ ನನ್ನ ಕೇಳುವುದೂ ನಿಂತಿತು.

ಇಲ್ಲಿ ಒಂದು ಮಾತು. ಮುಖ ಒಂದು ಕಡೆ ಸೊಟ್ಟಗಾದರೆ, ಮಾತು ತಟ್ಟನೆ ತೊದಲಿದರೆ, ಒಂದು ಕೈ ಕಾಲು ದಿಢೀರನೆ ಸೋತರೆ ಅದಕ್ಕೆ ಚೀಟಿ ಗೀಟಿ ಇಲ್ಲ, ಆಸ್ಪತ್ರೆಗೆ ಓಡಬೇಕು. ಸ್ಟ್ರೋಕ್‌ನಲ್ಲಿ ರಕ್ತದ ಗಂಟು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯೇ ಗಡುವು. ಮೊದಲೇ ಡಾಕ್ಟರು ನೋಡಿ, ಟೆಸ್ಟ್ ಬರೆದು, ಇನ್ನು ಕಾಯಿರಿ ಎಂದಿರುವ ವಿಷಯಕ್ಕೆ ಮಾತ್ರ ನನ್ನ ಪದ್ಧತಿ.

ನಡುವೆ ಕಾಫಿಯ ಪ್ರಯೋಗವೂ ಆಯಿತು. ದಿನಕ್ಕೆ ಐದಾರು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದವನು ಬೆಳಗ್ಗೆ ಒಂದಕ್ಕೆ ನಿಲ್ಲಿಸಿದೆ. ಮೊದಲ ಎರಡು ದಿನ ತಲೆನೋವು, ಆಮೇಲೆ ರೆಪ್ಪೆ ಅದುರುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ನಿದ್ದೆ ಕೆಟ್ಟ ಮರುದಿನ ಮತ್ತೆ ಜಾಸ್ತಿ. ಇದನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕೋಣ ಎಂದು ಅದುರಿದ್ದನ್ನು ಎಣಿಸತೊಡಗಿದರೆ ಎಣಿಸಿದಷ್ಟೂ ಅದುರುತ್ತಿತ್ತು, ಶೀಟ್ ಅಳಿಸಿದೆ. ಬಾಮೈದನನ್ನು ಒಂದು ಭಾನುವಾರ ಚಾಪೆ ಮೇಲೆ ಮಲಗಿಸಿ, ಹತ್ತು ನಿಮಿಷ ನಿನ್ನ ಮೀನಖಂಡವನ್ನೇ ನೋಡು ಎಂದೆ. ಐದನೇ ನಿಮಿಷಕ್ಕೆ ಎದ್ದು ಕೂತ. ಅವನದ್ದೂ ಚರ್ಮದ ಕೆಳಗೆ ಅಲ್ಲೊಂದು ಇಲ್ಲೊಂದು ಮಿಡಿಯುತ್ತಿತ್ತು. ನೋಡಿರಲಿಲ್ಲ ಅಷ್ಟೇ.

ಪದ್ಧತಿಗೆ ನಿಜವಾದ ಪರೀಕ್ಷೆ ಎಂಆರ್‌ಐ ರಿಪೋರ್ಟು. ಮೊಬೈಲಿಗೇ ಪಿಡಿಎಫ್ ಬಂತು. ಬಿಚ್ಚಲಿಲ್ಲ. ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ, ಯಾಕಂದ್ರೆ ನನಗೆ ಗೊತ್ತಿರುವವರಲ್ಲಿ ಬಿಚ್ಚದೆ ಇದ್ದವರು ಯಾರೂ ಇಲ್ಲ. ಡಾಕ್ಟರ ಮುಂದೆ ಬಿಚ್ಚಿದಾಗ ‘ನಾನ್ ಸ್ಪೆಸಿಫಿಕ್ ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟಿ’ (ಮಿದುಳಿನಲ್ಲಿ ಬಿಳಿ ಚುಕ್ಕೆ) ಎಂದು ಒಂದು ಸಾಲು, ಕತ್ತಿನಲ್ಲಿ ‘ಸಿ5–ಸಿ6 ಮೈಲ್ಡ್ ಡಿಸ್ಕ್ ಬಲ್ಜ್’ (ಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಉಬ್ಬಿದ್ದು) ಎಂದು ಇನ್ನೊಂದು. ನಡುವಯಸ್ಸು ದಾಟಿದ ಬಹಳ ಜನರ ರಿಪೋರ್ಟಿನಲ್ಲಿ ಇರುತ್ತೆ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಒಬ್ಬನೇ ಓದಿದ್ದರೆ ಆ ಎರಡು ಸಾಲಿಗೆ ಎರಡು ರಾತ್ರಿ ಹೋಗುತ್ತಿದ್ದವು.

ಇಎಂಜಿ ದಿನ ನೋವಿಗಿಂತ ಸದ್ದಿನದೇ ಕಾಟ. ಸೂಜಿ ಚುಚ್ಚಿದಾಗ ಸ್ಪೀಕರ್‌ನಲ್ಲಿ ಚರ್ ಎನ್ನುತ್ತೆ. ‘ಸಡಿಲ ಬಿಡಿ’ ಎಂದಾಗ ಸುಮ್ಮನಾಗುತ್ತೆ. ‘ಬಿಗಿ ಮಾಡಿ’ ಎಂದರೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಆ ಸದ್ದಿಗೆ ಅರ್ಥ ಹುಡುಕಬೇಡಿ, ಮಾಡುವವರ ಮುಖವನ್ನೂ ಓದಬೇಡಿ. ಅವರು ತಮ್ಮ ಪರದೆ ನೋಡುತ್ತಿರುತ್ತಾರೆ, ನಿಮ್ಮ ಹಣೆಬರಹವನ್ನಲ್ಲ. ನಾನು ಮೇಜಿನ ಮೇಲೆ ಮಲಗಿ ಮನಸ್ಸಿನಲ್ಲೇ ಒಂದು ಕೆಲಸ ಮಾಡುತ್ತಿದ್ದೆ. ಮಧ್ಯರಾತ್ರಿ ಮೂರಕ್ಕೆ ಎಚ್ಚರವಾದಾಗಲೂ ಅದನ್ನೇ ಮಾಡುತ್ತಿದ್ದೆ. ಅದು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಬಾಮೈದನಿಗೂ ಹೇಳಿಲ್ಲ. ಅವರವರ ಕಸುಬಿನಿಂದಲೇ ಅದು ಹುಟ್ಟಬೇಕು, ಆಗಲೇ ಹಿಡಿಯುತ್ತೆ.

ಇಎಂಜಿ ಸರಿಯಾಗಿತ್ತು. ರಕ್ತದಲ್ಲಿ ವಿಟಮಿನ್ ಬಿ12 ಮಾತ್ರ ನೂರೈವತ್ತರ ಹತ್ತಿರ, ಇರಬೇಕಾದ್ದಕ್ಕಿಂತ ಕಡಿಮೆ. ನಾವು ಸಸ್ಯಾಹಾರಿಗಳು, ಪಾದದ ಜೋಮಿಗೆ ಕಾರಣ ಅದೇ ಇರಬೇಕು ಎಂದರು. ಇಂಜೆಕ್ಷನ್ ತಗೊಂಡೆ, ಜೋಮು ಎರಡು ಮೂರು ತಿಂಗಳಲ್ಲಿ ಬಹುಪಾಲು ಹೋಯಿತು. ಆದರೆ ಪುಸ್ತಕ ಕೆಲಸ ಮಾಡಿದ್ದು ಈ ರಿಪೋರ್ಟಿಗೂ ಮುಂಚೆ. ಇಎಂಜಿಗೆ ಹೋಗುವ ಹಿಂದಿನ ಸಂಜೆ ಡಬ್ಬಿಯಲ್ಲಿದ್ದದ್ದು ಎರಡೋ ಮೂರೋ ಚೀಟಿ, ಅಷ್ಟೇ.

ಮೀನಖಂಡ ಈಗಲೂ ಆಗಾಗ ಅದುರುತ್ತೆ. ಆರು ತಿಂಗಳಿಗೆ ಇನ್ನೊಮ್ಮೆ ಇಎಂಜಿ ಬೇಕಾ ಎಂದು ಕೇಳಿದ್ದಕ್ಕೆ ಡಾಕ್ಟರು ಬೇಡ ಎಂದರು. ಮಾಡಿಸಿಲ್ಲ. ಬೇರೆ ಡಾಕ್ಟರನ್ನು ಕೇಳೋಕೂ ಹೋಗಿಲ್ಲ.